ಹಿತ್ತಲಿಗೆ ಹಾಕಿದ ಹಾಸು

ನಮ್ಮ ಹಿತ್ತಲಿನಲ್ಲಿ ಕೂತು ಮಾತಾಡಲೆಂದು ನಾಲ್ಕು ಕಲ್ಲಿನ ಆಸನಗಳಿವೆ. ಆಸನ ಎಂದೊಡನೆ ಬಾದಾಮಿಯ ಯಾವುದೋ ಗುಡಿಯ ಬಳಿಯಿಂದ ಎತ್ತಿ ತಂದ ಕೆತ್ತನೆಯ ಪೀಠಗಳನ್ನು ಕಲ್ಪಿಸಿಕೊಳ್ಳಬೇಡಿ. ಇವು ಅತ್ತ ದುಂಡಗೂ ಇಲ್ಲ, ಇತ್ತ ಚೌಕವೂ ಅಲ್ಲ; ಹಬ್ಬದೂಟ ಮುಗಿಸಿ ಪಡಸಾಲೆಯಲ್ಲಿ ಮೈಚೆಲ್ಲಿದ ಬೀಗರಂತೆ ನಡುವಿನಲ್ಲಿ ಉಬ್ಬಿಕೊಂಡು, ಯಾರೋ ಕಿವಿ ಹಿಂಡಿದ ಹಾಗೆ ನಾಲ್ಕೂ ತುದಿಗಳಲ್ಲಿ ಮುದುಡಿಕೊಂಡಿವೆ. ಅಂಗೈಯಾಡಿಸಿದರೆ ಮೈತುಂಬ ಗೋಣಿಚೀಲದ ನೇಯ್ಗೆ ಒಡಮೂಡಿರುವುದು ತಿಳಿಯುತ್ತದೆ, ಒಂದೊಂದು ಎಳೆಯನ್ನೂ ಎಣಿಸಬಹುದು. ಧಾರವಾಡದಿಂದ ಬಂದಿದ್ದ ನನ್ನ ಗೆಳತಿಯೊಬ್ಬಳು ಅರ್ಧ ಗಂಟೆ ಅವುಗಳ ಮೇಲೆ ಕೂತೆದ್ದು, ಕಲ್ಲಿನಲ್ಲಿ ಗೋಣಿಯನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿದ ಶಿಲ್ಪಿ ಯಾವ ಊರಿನವನೆಂದು ಬಹಳ ಗಂಭೀರವಾಗಿ ಕೇಳಿದಳು. ಆ ಶಿಲ್ಪಿ ಮಿರಗದ ಮಳೆ, ಅಂದರೆ ಪಂಚಾಂಗದ ಮೃಗಶಿರಾ. ಅದಕ್ಕೆ ಉಳಿ ಸುತ್ತಿಗೆ ಒದಗಿಸಿದವರು ನನ್ನ ಯಜಮಾನರು. ಆಸನಗಳು ಮೂಲತಃ ನಾಲ್ಕು ಚೀಲ ಸಿಮೆಂಟು.

ಸಿಮೆಂಟು ಕಲ್ಲಾದ ಕತೆ ಹೇಳಬೇಕೆಂದರೆ ಮೊದಲು ಹಿತ್ತಲಿನ ಕತೆ ಹೇಳಬೇಕು, ಹಿತ್ತಲಿನ ಕತೆಗೆ ಮನೆಯ ಕತೆ, ಮನೆಯ ಕತೆಗೆ ಸೂರ್ಯನ ಕತೆ. ಗಾಬರಿಯಾಗಬೇಡಿ, ಸೂರ್ಯನಿಂದ ಹಿಂದಕ್ಕೆ ನಾನು ಹೋಗುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಆಗ ಕಾಲೇಜು, ಕಲ್ಲು ಮತ್ತು ಗಾಳಿ ಈ ಮೂರೇ ಧಾರಾಳವಾಗಿದ್ದವು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸುತ್ತಿದ್ದೆ. ನಮ್ಮವರು ಒಂದು ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಮದುವೆಯಾಗಿ ಮೂರು ತಿಂಗಳಿಗೆ ಅಲ್ಲೊಂದು ಸಣ್ಣ ಪ್ಲಾಟು ಹಿಡಿದು, ಸಂಕ್ರಮಣ ಮುಗಿದ ವಾರಕ್ಕೆ ಪಾಯ ತೋಡಿಸಲು ನಿಂತೆವು. ಹಿರಿಯರೆಂದು ನಮಗಿದ್ದವರು ಅತ್ತೆ ಒಬ್ಬರೇ. ಅವರು ಗುಳೇದಗುಡ್ಡದಲ್ಲಿ ಮನೆಯೊಳಗಿನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನಲವತ್ತು ವರ್ಷ ಕುಪ್ಪಸದ ಖಣ ನೇಯ್ದವರು, ಗಂಡ ತೀರಿಕೊಂಡ ಮೇಲೆ ಆ ಮಗ್ಗದ ಮೇಲೆಯೇ ಮಗನನ್ನು ಓದಿಸಿದವರು. ಪಾಯದ ಹಿಂದಿನ ದಿನ ಬಂದಿಳಿದ ಅವರು ಬೆಳಗು ಹರಿಯುವ ಮೊದಲೇ ಕೈಯಲ್ಲೊಂದು ರೇಷ್ಮೆದಾರದ ಉಂಡೆ ಹಿಡಿದು ಪ್ಲಾಟಿನ ನಡುವೆ ನಿಂತರು. ಸೂರ್ಯ ಹುಟ್ಟುವುದು ಮೂಡಲಿಗೆ, ಮನೆ ಮೋರೆ ಮಾಡಬೇಕಾದದ್ದೂ ಮೂಡಲಿಗೆ. ಆದ್ದರಿಂದ ಸೂರ್ಯ ಹುಟ್ಟಿದ ಕಡೆಗೇ ಮನೆ. ಇದರಲ್ಲಿ ಜಗಳಕ್ಕೆ ಆಸ್ಪದವೆಲ್ಲಿದೆ? ದಿಬ್ಬದ ಹಿಂದಿನಿಂದ ಸೂರ್ಯ ಇಣುಕಿದ್ದೇ ತಡ, ಅವನಿಂದ ತಮ್ಮ ಕಾಲಬುಡದವರೆಗೆ ದಾರ ಎಳೆದು ಹಿಡಿದರು. ಗೌಂಡಿ ಅದರಗುಂಟ ಸುಣ್ಣದ ಪುಡಿ ಚೆಲ್ಲಿದ.

ನೀವು ಭೂಗೋಳ ಓದಿದವರಾದರೆ ಈಗಾಗಲೇ ಮುಗುಳ್ನಗುತ್ತಿರಬೇಕು. ಪುಷ್ಯಮಾಸದ ಸೂರ್ಯ ಮೂಡಲಿಗೆ ಹುಟ್ಟುವುದಿಲ್ಲ. ದಕ್ಷಿಣದ ಬೀಗರೂರಿಗೆ ಹೋದವನು ಇನ್ನೂ ಅರ್ಧ ದಾರಿಯಲ್ಲಿರುತ್ತಾನೆ. ನಿಜಕ್ಕೂ ತಮಾಷೆಯೆಂದರೆ, ಪ್ಲಾಟು ತನ್ನಷ್ಟಕ್ಕೆ ನೆಟ್ಟಗೆ ಪೂರ್ವಕ್ಕೇ ಇತ್ತು. ನಾನು ಅದನ್ನು ಬಲ್ಲೆ, ಹೇಳಲು ಬಾಯಿಯನ್ನೂ ತೆರೆದಿದ್ದೆ, ಆದರೆ ಹೊಸ ಸೊಸೆಯ ಬಾಯಲ್ಲಿ ರೇಖಾಗಣಿತ ಶೋಭಿಸುವುದಿಲ್ಲವೆಂದು ತೆರೆದ ಬಾಯಿಗೆ ಸೆರಗು ಅಡ್ಡ ಹಿಡಿದು ಆಕಳಿಸಿದೆ. ಆ ಒಂದು ಆಕಳಿಕೆಯ ಫಲವಾಗಿ ನಮ್ಮ ಮನೆ ತನ್ನ ಪ್ಲಾಟಿನೊಳಗೆ, ಮುನಿಸಿಕೊಂಡ ಮಗು ಚಾಪೆಯ ಮೇಲೆ ಮಗ್ಗುಲು ತಿರುವಿ ಮಲಗಿದ ಹಾಗೆ, ಇಪ್ಪತ್ತು ಡಿಗ್ರಿ ಹೊರಳಿಕೊಂಡು ಎದ್ದು ನಿಂತಿತು. ನಾಲ್ಕೂ ಕಡೆ ನಾಲ್ಕು ಮುಕ್ಕೋನಗಳು ಉಳಿದವು. ಮೂರರಲ್ಲಿ ಕಸಬರಿಗೆ ಆನಿಸಿಡಬಹುದಿತ್ತು, ಅಷ್ಟೆ. ನಾಲ್ಕನೆಯದು ಹಿತ್ತಲು.

ಅದರ ವರ್ಣನೆಯನ್ನು ಸ್ವಲ್ಪ ಅಕ್ಕರೆಯಿಂದ ಕೇಳಿ. ಗೋಡೆಯಗುಂಟ ಇಪ್ಪತ್ತೈದು ಅಡಿ ಉದ್ದ. ಬಚ್ಚಲ ಕಡೆಯ ತುದಿಯಲ್ಲಿ ಒಂಬತ್ತು ಅಡಿ ಅಗಲ. ಅಲ್ಲಿಂದ ಕಿರಿದಾಗುತ್ತ, ಮತ್ತೂ ಕಿರಿದಾಗುತ್ತ, ಕೊನೆಗೆ ಕಾಂಪೌಂಡೂ ಮನೆಯೂ ಕಿವಿಗೆ ಬಾಯಿ ಹಚ್ಚಿ ಗುಟ್ಟು ಹೇಳುವ ಆ ಮೂಲೆಯಲ್ಲಿ ಒಂದು ಕೋಳಿ ಹೊಕ್ಕರೆ ತಿರುಗಲಾರದೆ ಹಿಂದಿಂದಕ್ಕೇ ನಡೆದು ಬರಬೇಕು. ದಿನವೂ ಕರಿಹಲಗೆಯ ಮೇಲೆ ತ್ರಿಕೋನ ಬರೆದು ಅಳಿಸುವವಳಿಗೆ ಅಳಿಸಲಾರದ ತ್ರಿಕೋನವೊಂದು ಕೈಗೆ ಬಂದರೆ ಏನಾಗಬೇಡ? ನನಗೆ ಹುಚ್ಚು ಹಿಡಿಯಿತು. ಶಾಲೆಯಿಂದ ಗ್ರಾಫ್ ಹಾಳೆ ತಂದು, ಒಂದು ಚೌಕಕ್ಕೆ ಅರ್ಧ ಅಡಿಯಂತೆ, ಆ ಹಿತ್ತಲಿಗೆ ಒಂದಾದ ಮೇಲೊಂದು ಹನ್ನೊಂದು ನಕ್ಷೆ ಬರೆದೆ.

ಮೊದಲನೆಯದರಲ್ಲಿ ಮಲ್ಲಿಗೆಯ ಚಪ್ಪರವಿತ್ತು. ಎರಡನೆಯದರಲ್ಲಿ ಹದಿನಾಲ್ಕು ಮಡಿಗಳ ಕಾಯಿಪಲ್ಲೆಯ ತೋಟ, ಮಡಿಗೆ ಮೂರು ಬದನೆಕಾಯಿಯಂತೆ. ನಾಲ್ಕನೆಯದರಲ್ಲಿ ತಾವರೆಯ ಕೊಳ. ನಮ್ಮ ನಲ್ಲಿಗೆ ದಿನಬಿಟ್ಟು ದಿನ ನೀರು ಬರುತ್ತಿದ್ದುದರಿಂದ ತಾವರೆಯೂ ದಿನಬಿಟ್ಟು ದಿನ ಅರಳಬೇಕಾಗುತ್ತಿತ್ತು. ಏಳನೆಯದರಲ್ಲಿ ಜೋಕಾಲಿ. ಮುಂದಕ್ಕೆ ಜೀಕಿದರೆ ಬಚ್ಚಲ ಬಾಗಿಲಿಗೂ ಹಿಂದಕ್ಕೆ ಜೀಕಿದರೆ ಪಕ್ಕದ ಮನೆಯ ಶಾಂತಕ್ಕನ ಕಾಂಪೌಂಡಿಗೂ ಒದ್ದು ಬರಬಹುದಾಗಿತ್ತು. ಒಂಬತ್ತನೆಯದರಲ್ಲಿ ಮಾವಿನ ಮರ ನೆಟ್ಟು, ಇಪ್ಪತ್ತು ವರ್ಷದ ಬೆಳವಣಿಗೆಯನ್ನು ಪ್ರಾಮಾಣಿಕವಾಗಿ ಅಳತೆಗೆ ಹಚ್ಚಿ ನೆರಳು ಬಿಡಿಸಿದೆ. ಅದು ನಮ್ಮ ಮನೆಯನ್ನು ಮುಚ್ಚಿ, ಶಾಂತಕ್ಕನ ಮನೆಯನ್ನು ದಾಟಿ, ಕಾಲೇಜಿನ ಆಟದ ಬಯಲಿಗೆ ಕಾಲಿಟ್ಟಿತು.

ಕಾಗದದ ತೋಟದ ಸುಖವನ್ನು ಅನುಭವಿಸಿದವರೇ ಬಲ್ಲರು. ಅಲ್ಲಿಗೆ ಆಡು ನುಗ್ಗುವುದಿಲ್ಲ, ಹುಳ ಬೀಳುವುದಿಲ್ಲ, ಚೈತ್ರದ ಹೂವೂ ಕಾರ್ತೀಕದ ಹೂವೂ ಪಂಕ್ತಿಭೇದವಿಲ್ಲದೆ ಒಟ್ಟಿಗೆ ಅರಳುತ್ತವೆ. ಬಣ್ಣದ ಪೆನ್ಸಿಲು ಸವೆಯುವುದನ್ನು ಬಿಟ್ಟರೆ ಬೇರೆ ಬರಗಾಲವಿಲ್ಲ. ನಿಜವಾದ ನೆಲ ಅಷ್ಟು ಸುಲಭದ್ದಲ್ಲ; ನಮ್ಮದಂತೂ ಬರೀ ಗರಸು, ಗುದ್ದಲಿ ಎತ್ತಿ ಹಾಕಿದರೆ ಟಣ್ಣೆಂದು ತಿರುಗಿ ಮಾತಾಡುವ ಜಾತಿಯದು. ಹೀಗಾಗಿ ಎರಡು ವರ್ಷ ನನ್ನ ತೋಟ ಮೇಜಿನ ಮೇಲೆ ಸೊಂಪಾಗಿ ಬೆಳೆಯುತ್ತಿತ್ತು, ಹಿತ್ತಲಿನಲ್ಲಿ ಪಾತ್ರೆ ತಿಕ್ಕುವ ಬೂದಿಯ ಗುಡ್ಡೆ ಬೆಳೆಯುತ್ತಿತ್ತು.

ನಮ್ಮವರದು ಹನ್ನೆರಡನೆಯ ನಕ್ಷೆ, ಅದಕ್ಕೆ ಕಾಗದ ಬೇಕಿರಲಿಲ್ಲ. ಚಾವಣಿ ಹಾಕಿ ಉಳಿದಿದ್ದ ನಾಲ್ಕು ಚೀಲ ಸಿಮೆಂಟನ್ನು ಅಟ್ಟಣಿಗೆಯ ಮೇಲೆ ಹಲಗೆ ಹಾಸಿ, ತಾಡಪಾಲು ಹೊದಿಸಿ, ಬಾಣಂತಿಯನ್ನು ಕಾಯ್ದ ಹಾಗೆ ಕಾಯ್ದುಕೊಂಡಿದ್ದರು. ಆಗ ಸಿಮೆಂಟೆಂದರೆ ಪರ್ಮಿಟ್ಟಿಲ್ಲದೆ ಸಿಗದ ವಸ್ತು. ಅದನ್ನು ಕೆಡಿಸುವುದೆಂದರೆ ಅನ್ನ ಚೆಲ್ಲಿದಷ್ಟೇ ಪಾಪ. ಅಷ್ಟೂ ಹಿತ್ತಲಿಗೆ ಗಚ್ಚು ಹಾಕಿಸಿಬಿಟ್ಟರೆ ಶಾವಿಗೆ ಒಣಗಿಸಬಹುದು, ಹಪ್ಪಳ ಒಣಗಿಸಬಹುದು, ಸೈಕಲ್ಲು ನಿಲ್ಲಿಸಬಹುದು ಎನ್ನುವುದು ಅವರ ವಾದ. ನನ್ನ ಹನ್ನೊಂದನೆಯ ನಕ್ಷೆ ಮುಗಿದ ದಿನ ಅವರ ತಾಳ್ಮೆಯೂ ಮುಗಿಯಿತು.

“ಮಿರಗದ ಮಳಿ ಬರೂದ್ರಾಗ ಅಲ್ಲಿ ಏನರ ಹಸರ ಕಾಣಬೇಕ. ಇಲ್ಲಾಂದ್ರ ನಾ ಗಚ್ಚ ಹಾಕಿಸಿಬಿಡ್ತೇನಿ,” ಎಂದರು.

ನಾನು ಒಪ್ಪಿಕೊಂಡೆ. ಮೂರು ತಿಂಗಳಿತ್ತಲ್ಲ, ಅಷ್ಟರಲ್ಲಿ ಇನ್ನೂ ನಾಲ್ಕು ನಕ್ಷೆ ಬರೆಯಬಹುದು ಎಂದುಕೊಂಡೆ.

ಅತ್ತೆ ಬಂದದ್ದು ಆ ಬೇಸಗೆಯಲ್ಲೇ. ಕುಣಿಯಲ್ಲಿ ಕಾಲಿಟ್ಟೂ ಇಟ್ಟೂ ಅವರ ಮೊಣಕಾಲು ಹಿಡಿದುಹೋಗಿ, ಇನ್ನು ಮಗ್ಗಕ್ಕಿಳಿಯಕೂಡದೆಂದು ದವಾಖಾನೆಯಲ್ಲಿ ಹೇಳಿಬಿಟ್ಟಿದ್ದರು. ಮಗ್ಗವನ್ನು ತಮ್ಮನ ಮಗ ಈರಣ್ಣನಿಗೆ ಒಪ್ಪಿಸಿ, ನಾಲ್ಕು ದಿನ ಇದ್ದು ಹೋಗುತ್ತೇನೆಂದು ಒಂದು ಗಂಟು ಕಟ್ಟಿಕೊಂಡು ಬಂದರು. ಹೋಗುವುದೆಂದರೆ ಎಲ್ಲಿಗೆ, ಹೋಗಿ ಮಾಡುವುದೇನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಂಟನ್ನು ನಡುಮನೆಯ ಗೂಟಕ್ಕೆ ತೂಗುಹಾಕಿದರು. ಬೆಳಗ್ಗೆ ಅದನ್ನು ಇಳಿಸಿ, ಬಿಚ್ಚಿ, ಒಂದು ಸೀರೆ ತೆಗೆದು, ಮತ್ತೆ ಬಿಗಿಯಾಗಿ ಕಟ್ಟಿ ತೂಗುಹಾಕುವರು. ಕಪಾಟಿನಲ್ಲಿ ಅವರಿಗೆಂದು ಖಾಲಿ ಮಾಡಿಟ್ಟ ಎರಡು ಅಂಕಣ ಖಾಲಿಯಾಗಿಯೇ ಉಳಿದವು.

ಆ ಗಂಟನ್ನು ನಾನು ದಿನವೂ ನೋಡುತ್ತಿದ್ದೆ. ನಾನು ಚಿಕ್ಕವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಶಾಲೆಯಿಂದ ಬಂದರೆ ಬಾಗಿಲು ತೆರೆದಿರುವ ಮನೆ ಹೇಗಿರುತ್ತದೆಂದು ಮೊದಲ ಸಲ ತಿಳಿದದ್ದು ಆ ಬೇಸಗೆಯಲ್ಲಿ. ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತಿತ್ತು, ಅದರಲ್ಲಿ ಸಕ್ಕರೆ ಯಾವಾಗಲೂ ಹೆಚ್ಚಾಗಿರುತ್ತಿತ್ತು, ನಾನು ಯಾವಾಗಲೂ ಕುಡಿಯುತ್ತಿದ್ದೆ. ಇವರು ಇಲ್ಲೇ ಇರಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಆ ಆಸೆಯನ್ನು ಬಾಯಿಬಿಟ್ಟು ಹೇಳಲು ಹೆದರಿಕೆಯಾಗುತ್ತಿತ್ತು. ನಲವತ್ತು ವರ್ಷ ತಮ್ಮ ಕೈಯ ಅನ್ನ ಉಂಡವರನ್ನು “ಇಲ್ಲೇ ಇರಿ” ಎಂದರೆ, ಇರಲು ಬೇರೆ ಜಾಗವಿಲ್ಲವೆಂದು ನೆನಪಿಸಿದಂತಾದರೆ? ಮಗ್ಗವಿಲ್ಲದ ಮನೆಯಲ್ಲಿ ಆ ಕೈಗಳಿಗೆ ಕೆಲಸವೇ ಇರಲಿಲ್ಲ. ಸುಮ್ಮನೆ ಕೂತಾಗಲೂ ಬೆರಳುಗಳು ಮಡಿಲಲ್ಲಿ ಕಾಣದ ಎಳೆಯನ್ನು ಹೊಸೆಯುತ್ತಿದ್ದವು.

ಅವರನ್ನು ಹಿಡಿದಿಡಲು ನನ್ನ ಹತ್ತಿರ ಇದ್ದದ್ದು ಹನ್ನೊಂದು ನಕ್ಷೆ ಮಾತ್ರ. ಒಂದು ಭಾನುವಾರ ಅವನ್ನೆಲ್ಲ ಅವರ ಮುಂದೆ ಹರಡಿದೆ. ಗ್ರಾಫ್ ಹಾಳೆಯನ್ನು ಕಂಡದ್ದೇ ಅವರ ಮುಖ ಅರಳಿತು. ಚೌಕಗಳನ್ನು ಬೆರಳ ತುದಿಯಿಂದ ಎಣಿಸುತ್ತ, ಖಣದ ಹೂವನ್ನೂ ಹೀಗೆಯೇ ಎಳೆ ಎಣಿಸಿ ಕೂಡಿಸುವುದೆಂದು ಹೇಳಿದರು. ಸೂಜಿಮಲ್ಲಿಗೆಯ ಹೂವನ್ನು ತಾವು ಎಷ್ಟು ಸಾವಿರ ನೇಯ್ದಿರಬಹುದೋ ಲೆಕ್ಕವಿಲ್ಲ, ಆದರೆ ಅದು ಗಿಡವೋ ಬಳ್ಳಿಯೋ ಕಣ್ಣಾರೆ ಕಂಡಿಲ್ಲ ಎಂದಾಗ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅವರ ಮನೆಯ ನೆಲವೆಲ್ಲ ಮಗ್ಗಕ್ಕೇ ಹೋಗಿತ್ತು, ಹಿತ್ತಲೆಂಬುದೇ ಇರಲಿಲ್ಲ.

ನಗುವಿನ ಅಮಲಿನಲ್ಲಿ ನಾನು ಎಡವಿದೆ. ಅಲ್ಲ, ಈ ಹಿತ್ತಲು ಯಾಕೆ ಹೀಗೆ ಮುಕ್ಕೋನವಾಯಿತು ಎಂದು ಅವರು ಸಹಜವಾಗಿ ಕೇಳಿದರು. ಎಂಟನೆಯ ಇಯತ್ತೆಯ ಹುಡುಗಿ ಕೈಯೆತ್ತಿ ಪ್ರಶ್ನೆ ಕೇಳಿದರೆ ಉಕ್ಕುವ ಉತ್ಸಾಹವೇ ಉಕ್ಕಿ, ಕೋನಮಾಪಕ ತಂದು, ನಕ್ಷೆಯ ಮೇಲಿಟ್ಟು, ಎರಡು ವರ್ಷ ಸೆರಗಿನ ಹಿಂದಿಟ್ಟುಕೊಂಡದ್ದನ್ನು ಹೇಳಿಯೇಬಿಟ್ಟೆ.

“ಮನಿನ ಇಪ್ಪತ್ತ ಡಿಗ್ರಿ ಸೊಟ್ಟ ಐತ್ರಿ ಅತ್ತಿ. ಸಂಕ್ರಮಣದ ಹೊತ್ತಿನ್ಯಾಗ ಸೂರ್ಯ ಖರೇ ಮೂಡಲಕ್ಕ ಹುಟ್ಟೂದಿಲ್ರಿ.”

ಬಾಗಿಲಲ್ಲಿ ನಿಂತಿದ್ದ ನಮ್ಮವರು ಕೈಸನ್ನೆ ಮಾಡುತ್ತಿದ್ದುದನ್ನು ನಾನು ನೋಡಿದ್ದು ಮಾತು ಮುಗಿದ ಮೇಲೆ. ಅತ್ತೆ ನಕ್ಷೆಯನ್ನು ಒಂದು ಕ್ಷಣ ನೋಡಿದರು.

“ಹಂಗಾರ ನಾ ಹಿಡದ ದಾರ ಸೊಟ್ಟ ಆತಂದ್ಯಾ,” ಎಂದರು. ಕೋನಮಾಪಕವನ್ನು ಪಕ್ಕಕ್ಕೆ ಸರಿಸಿ, “ನಲವತ್ತ ವರ್ಷದಾಗ ನನ್ನ ಖಣದ ದಡಿ ಒಂದ ಎಳಿ ಸೊಟ್ಟ ಹೋಗಿದ್ದಿಲ್ಲ.”

ಸಿಟ್ಟಿನಿಂದ ಹೇಳಿದ್ದರೆ ಬೈಸಿಕೊಂಡು ಸುಮ್ಮನಾಗುತ್ತಿದ್ದೆ. ಅವರು ಹೇಳಿದ್ದು ಆಶ್ಚರ್ಯದಿಂದ. ಎದ್ದು ಹೋಗಿ ಗಂಟನ್ನು ಇಳಿಸಿ ಇನ್ನೊಂದು ಸುತ್ತು ಬಿಗಿದರು. ನಾಳೆ ಸೋಮವಾರ, ಬೆಳಗಿನ ಬಸ್ಸಿಗೆ ಹೋಗುತ್ತೇನೆಂದರು. ಹನ್ನೊಂದೂ ನಕ್ಷೆಗಳನ್ನು ಒಲೆಗೆ ಹಾಕಬೇಕೆಂದು ಎತ್ತಿಕೊಂಡೆ, ಮನಸ್ಸು ಬಾರದೆ ಮತ್ತೆ ಗೋಡೆಯ ಮಾಡಿನಲ್ಲಿಟ್ಟೆ.

ಮರುದಿನ ಬೆಳಗ್ಗೆ ನೋಡಿದರೆ ಗಂಟು ಕಟ್ಟೆಯ ಮೇಲೆ ಬಸ್ಸಿಗೆ ಸಿದ್ಧವಾಗಿ ಕೂತಿದೆ, ಅತ್ತೆ ಎಲ್ಲೂ ಇಲ್ಲ. ಹಿತ್ತಲಿನಿಂದ ಟಕ್ ಟಕ್ ಎಂಬ ಸದ್ದು. ಹೋದರೆ, ಹಿಡಿದುಹೋದ ಆ ಮೊಣಕಾಲನ್ನು ಒಂದು ಕಡೆ ಚಾಚಿ ಕೂತು, ಬೇವಿನ ಗೂಟಗಳನ್ನು ಕಲ್ಲಿನಿಂದ ನೆಲಕ್ಕೆ ಹೊಡೆಯುತ್ತಿದ್ದಾರೆ. ಪಕ್ಕದಲ್ಲಿ ಗಂಟಿನ ತಳದಿಂದ ತೆಗೆದ ದಾರದ ಉಂಡೆಗಳು: ಕೆಂಪು, ಹಸಿರು, ನೇರಳೆ, ಗಿಳಿಹಸಿರು, ನಲವತ್ತು ವರ್ಷದ ಖಣಗಳ ಉಳಿಕೆ.

“ಸೊಟ್ಟ ಮಾಡಿದಾಕಿ ನಾ. ನೆಟ್ಟಗ ಮಾಡಾಕಿನೂ ನಾನ,” ಎಂದರು ತಲೆಯೆತ್ತದೆ. “ಬಸ್ಸು ನಾಳೇನೂ ಐತಿ.”

ಅವರು ಮಾಡಿದ್ದನ್ನು ಹೇಳಿದರೆ ನೀವು ನನ್ನ ಹನ್ನೊಂದು ನಕ್ಷೆಗಳಿಗಾಗಿ ಮರುಕಪಡುತ್ತೀರಿ. ಗುಳೇದಗುಡ್ಡದ ಖಣವನ್ನು ನೀವು ನೋಡಿರಬೇಕು. ಮಾರಲು ಇಡುವಾಗ ಅದನ್ನು ಮುಕ್ಕೋನವಾಗಿ ಮಡಚಿರುತ್ತಾರೆ. ಕೊಳ್ಳಲು ಬಂದವರು ಯಾರೂ, ಅಯ್ಯೋ ಇದು ಮೂರೇ ಮೂಲೆಯದು ಎಂದು ಅಳುವುದಿಲ್ಲ, ಏಕೆಂದರೆ ಅದು ಮಡಿಕೆ, ಬಿಚ್ಚಿದರೆ ಇನ್ನರ್ಧ ಒಳಗಿದೆಯೆಂದು ಎಲ್ಲರಿಗೂ ಗೊತ್ತು. ನನ್ನ ಓದಿದ ತಲೆಗೆ ಹಿತ್ತಲು ಒಂದು ತುಂಡಾದ ಜಾಗ. ಅತ್ತೆಯ ಕಣ್ಣಿಗೆ ಅದು ಮಡಚಿಟ್ಟ ಖಣ, ಮನೆಯ ಗೋಡೆಯೇ ಅದರ ಮಡಿಕೆ. ಆದ್ದರಿಂದ ಬಿಚ್ಚಬೇಕಾದದ್ದು ಮೇಲಕ್ಕೆ! ಗೋಡೆಯ ಬುಡಕ್ಕೆ ಗೂಟ ಹೊಡೆದು, ಮೇಲೆ ಚಾವಣಿಯ ಅಂಚಿನಿಂದ ಓರೆಯಾಗಿ ಇಳಿಯುವಂತೆ ನಮ್ಮವರಿಂದ ಮೊಳೆ ಬಡಿಸಿ, ಕೆಳಗಿನಿಂದ ಮೇಲಕ್ಕೆ ಎಳೆ ಎಳೆದರು. ಬಚ್ಚಲ ಕಡೆಗೆ ಎತ್ತರದ ಎಳೆಗಳು, ಕೋಳಿಯ ಮೂಲೆಯ ಕಡೆಗೆ ಗಿಡ್ಡವಾಗುತ್ತ ಗಿಡ್ಡವಾಗುತ್ತ ಬಂದವು. ನೆಲದ ಮುಕ್ಕೋನಕ್ಕೆ ಗೋಡೆಯ ಮೇಲೆ ಜೋಡಿಯಾಗಿ ಇನ್ನೊಂದು ಮುಕ್ಕೋನ. ಮಗ್ಗದ ಉದ್ದೆಳೆಗಳಂತೆ ಈ ಎಳೆಗಳೇ ಹಾಸು, ಅವುಗಳ ಮೇಲೆ ಅಡ್ಡಡ್ಡ ಹಬ್ಬಲಿರುವ ಬಳ್ಳಿಗಳು ಹೊಕ್ಕು. ಕೆಂಪು ದಾರಕ್ಕೆ ತೊಂಡೆ, ಹಸಿರಿಗೆ ಹೀರೆ, ನೇರಳೆಗೆ ಅವರೆ, ನಟ್ಟನಡುವಿನ ಗಿಳಿಹಸಿರಿಗೆ ಸೂಜಿಮಲ್ಲಿಗೆ. ಒಂದು ಎಲೆಯೂ ಇಲ್ಲದ ಆ ತೋಟ ಬಿಸಿಲಿಗೆ ಹೊಳೆಯುತ್ತಿದ್ದುದನ್ನು ನೋಡಿ ನನಗೆ ಕುಣಿಯಬೇಕೆನಿಸಿತು, ಸುಳ್ಳೇಕೆ ಹೇಳಲಿ, ಬಚ್ಚಲ ಮರೆಯಲ್ಲಿ ನಿಂತು ಎರಡು ಹೆಜ್ಜೆ ಕುಣಿದೂಬಿಟ್ಟೆ.

ಶಾಂತಕ್ಕ ಕಾಂಪೌಂಡಿನ ಮೇಲಿಂದ ಇಣುಕಿ, ನನ್ನನ್ನು ಪಕ್ಕಕ್ಕೆ ಕರೆದು, ಮನೆಗೆ ಯಾರದಾದರೂ ದೃಷ್ಟಿ ತಾಗಿದೆಯೇ, ಈ ದಾರ ಯಾರು ಮಂತ್ರಿಸಿಕೊಟ್ಟದ್ದು ಎಂದು ಪಿಸುಮಾತಿನಲ್ಲಿ ಕೇಳಿದರು. ಹೀರೆಯ ಬಳ್ಳಿಗೆಂದು ಹೇಳಿದರೆ ನಂಬಲಿಲ್ಲ. ಆದರೂ ಸಂಜೆಗೆ ಒಂದು ಹಿಡಿ ಹೀರೆಬೀಜ ತಂದುಕೊಟ್ಟರು, ಮಂತ್ರವಾದರೂ ಸರಿಯೇ ಎಂದುಕೊಂಡಿರಬೇಕು.

ಆ ಸಂಜೆ ಗಂಟನ್ನು ಕಟ್ಟೆಯಿಂದ ಒಳಗೆ ತಂದು ಮತ್ತೆ ಗೂಟಕ್ಕೆ ಹಾಕುತ್ತ ಅತ್ತೆ, ಯಾರನ್ನೂ ನೋಡದೆ, ಒಂದು ಮಾತು ಹೇಳಿದರು.

“ನಮ್ಮ ನೇಕಾರರೊಳಗ ಒಂದ ಪದ್ಧತಿ ಐತಿ. ಹಾಸು ಹಾಕಿದ ಮ್ಯಾಲೆ, ಅದನ್ನ ನೇಯ್ದು ಮುಗಿಸಿ ಕೊಯ್ಯೂತನಕ ನೇಯಾಕಿ ಊರ ಬಿಡಬಾರದು. ಮುಗಿಸಿ ಹೋಗ್ತೇನಿ.”

ಮುಗಿಯುವವರೆಗೆ ಹೋಗುವುದಿಲ್ಲ! ಹಾಗಾದರೆ ಮುಗಿಯಬಾರದು, ಅಷ್ಟೇ ತಾನೆ? ಹನ್ನೊಂದು ನಕ್ಷೆ ಬರೆದೂ ಒಂದು ಗಿಡ ನೆಡದವಳಿಗೆ ಇದಕ್ಕಿಂತ ಒಗ್ಗುವ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ಅಂದಿನಿಂದ ನಾನು ಶುರುಮಾಡಿದೆ. ತೊಂಡೆಗೆ ಆ ಮೂಲೆಯ ಬಿಸಿಲು ಹೆಚ್ಚಾಯಿತಲ್ಲವೇ ಅತ್ತಿ ಎಂದು ಒಂದು ವಾರ ಕೆಂಪು ಎಳೆಗಳನ್ನೆಲ್ಲ ಬಿಚ್ಚಿಸಿದೆ. ಅವರೆಯನ್ನು ಬಚ್ಚಲ ನೀರಿಗೆ ಹತ್ತಿರ ತಂದರೆ ಹೇಗೆ ಎಂದು ಇನ್ನೊಂದು ವಾರ. ಪ್ರತಿಸಲವೂ ಅವರು ಗಂಭೀರವಾಗಿ ಗ್ರಾಫ್ ಹಾಳೆ ನೋಡಿ, ನೀನು ಹೇಳುವುದೂ ಸರಿಯೇ ಎಂದು ಗೂಟ ಕೀಳುವರು. ಇಷ್ಟು ನೇಯ್ದ ಜಾಣೆ ನನ್ನ ಇಷ್ಟು ಸಣ್ಣ ಮೋಸವನ್ನು ಹಿಡಿಯಲಿಲ್ಲವಲ್ಲ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಇತ್ತ ರೋಹಿಣಿ ಮಳೆ ಹೇಳದೆ ಕೇಳದೆ ಹೋಗಿ, ಮಿರಗ ಕೂಡುವ ದಿನ ಬಂತು. ಹಿತ್ತಲಿನಲ್ಲಿ ಎರಡೆಲೆಯ ಹೀರೆಸಸಿ ನಾಲ್ಕು, ಶಾಲೆಯ ಕೈತೋಟದಿಂದ ತಂದು ಊರಿದ ಸೂಜಿಮಲ್ಲಿಗೆಯ ಕಡ್ಡಿ ಒಂದು. ಇದನ್ನು ಹಸಿರೆಂದು ಒಪ್ಪಿಸಲು ವಕೀಲರೇ ಬೇಕಿತ್ತು. ಗಚ್ಚಿನ ಮಾತು ಯಾವಾಗ ಬರುವುದೋ ಎಂದು ನಾನು ಅಂಜಿಕೊಂಡಿದ್ದರೆ, ನಮ್ಮವರು ಜೋಳದ ಚೀಲಕ್ಕೆ ಜಾಗ ಬೇಕೆಂದು ಸಿಮೆಂಟಿನ ನಾಲ್ಕೂ ಚೀಲಗಳನ್ನು ಅಟ್ಟಣಿಗೆಯಿಂದ ಇಳಿಸಿ ಹಿತ್ತಲಲ್ಲಿ ಬಯಲಿಗೇ ಇಟ್ಟರು. ತಾಡಪಾಲನ್ನು ಯಾರೋ ಗೆಳೆಯರಿಗೆ ಕೊಟ್ಟುಬಂದರು. ಮೋಡ ಕಟ್ಟುತ್ತಿದೆ, ಕಲ್ಲಾಗಿ ಹೋಗುತ್ತವೆ ಎಂದು ನಾನು ದಿನವೂ ಗೊಣಗಿದೆ, ಅವರು ದಿನವೂ ನಾಳೆ ಎಂದರು. ಆಫೀಸಿನ ಕಾಗದಕ್ಕೆ ಇಬ್ಬನಿ ತಾಗೀತೆಂದು ಕಾರ್ತೀಕದಲ್ಲೂ ಕೊಡೆ ಒಯ್ಯುವ ಮನುಷ್ಯ!

ಮಳೆ ಬಂದದ್ದು ಒಂದು ಶನಿವಾರದ ಮಧ್ಯಾಹ್ನ, ನಾವು ಮೂವರೂ ಮನೆಯಲ್ಲಿದ್ದಾಗ. ಹನಿಯೆಂದರೆ ಹನಿಯಲ್ಲ, ಆಕಾಶದಲ್ಲಿ ಯಾರೋ ಕೊಡ ಬೋರಲು ಹಾಕಿದ್ದರು. ನಾನು ಚೀಲ, ಚೀಲ ಎಂದು ಬಾಗಿಲಿಗೆ ಓಡಿದರೆ ನಮ್ಮವರು ಹೊಸ್ತಿಲಲ್ಲಿ ದಾರಿಗಡ್ಡವಾಗಿ ನಿಂತು, ಬಟ್ಟಲಿನ ಚಹಾವನ್ನು ಬಸಿಗೆ ಸುರಿದುಕೊಂಡು, ಆರಿಸಿ ಆರಿಸಿ ಕುಡಿಯುತ್ತಿದ್ದರು. ಪರ್ಮಿಟ್ಟಿನ ಸಿಮೆಂಟು ಕಣ್ಣೆದುರೇ ತೊಯ್ದು ಕಪ್ಪಾಗುತ್ತಿತ್ತು. ಅರೆರೆ, ತೊಯ್ದವಲ್ಲ ಎಂದು ಅವರು ಹೇಳಿದ ದನಿಯಲ್ಲಿ ಎಷ್ಟು ಸಮಾಧಾನವಿತ್ತೆಂದರೆ, ನಾನು ಅವರ ಮುಖವನ್ನೇ ನೋಡಿದೆ. ಮೀಸೆಯ ತುದಿಯಲ್ಲಿ ನಗು ಸಿಕ್ಕಿಕೊಂಡಿತ್ತು. ಗಚ್ಚು ಹಾಕಿದರೆ ಹಾಸು ಮುಗಿದುಹೋಗುತ್ತದೆ, ಹಾಸು ಮುಗಿದರೆ ಅತ್ತೆ ಹೊರಟುಬಿಡುತ್ತಾರೆ ಎಂಬುದನ್ನು ನನಗಿಂತ ಮೊದಲು ಅವರೇ ತಿಳಿದಿದ್ದರು. ಅಂದು ನನಗೆ ಗಂಡನ ಮೇಲೆ ಉಕ್ಕಿದ ಪ್ರೀತಿ, ಅಷ್ಟು ಸಿಮೆಂಟು ಹಾಳುಮಾಡಿದ ಮನುಷ್ಯನ ಮೇಲೆ ಯಾರಿಗೂ ಉಕ್ಕಿರಲಾರದು.

ಅಷ್ಟರಲ್ಲಿ ಅತ್ತೆ ಸಸಿಗಳೆಂದು ಕೂಗಿ ಒಳಗಿನಿಂದ ಏನೋ ಹಿಡಿದುಕೊಂಡು ಕುಂಟುತ್ತ ಮಳೆಗಿಳಿದರು. ಮಗ, ಸೊಸೆ ಇಬ್ಬರೂ ಹಿಂದೆ ಓಡಿದೆವು. ಒಂದು ದಪ್ಪ ಬಟ್ಟೆಯನ್ನು ನಾಲ್ಕು ಗೂಟಕ್ಕೆ ಬಿಗಿದು ಸಸಿಗಳ ಮೇಲೆ ಚಪ್ಪರ ಮಾಡಿದೆವು. ಮೂವರೂ ತೊಯ್ದು ತೊಪ್ಪೆಯಾಗಿ, ಒಬ್ಬರ ಅವತಾರ ಒಬ್ಬರು ನೋಡಿ ನಕ್ಕೆವು. ತಲೆ ಒರೆಸಿಕೊಳ್ಳಲೆಂದು ನಾನು ಒಳಬಂದಾಗ ನಡುಮನೆಯ ಗೂಟ ಬರಿದಾಗಿತ್ತು. ಸಸಿಗಳಿಗೆ ಹೊದಿಸಿದ್ದು ಗಂಟಿನ ಬಟ್ಟೆ. ಕಪಾ‌ಟಿನ ಎರಡು ಅಂಕಣಗಳಲ್ಲಿ ಐದು ಸೀರೆಗಳು, ಯಾವ ಮಾಯದಲ್ಲಿ ಇಟ್ಟಿದ್ದರೋ, ಅಂಚಿಗೆ ಅಂಚು ಕೂಡಿಸಿ, ನೇಕಾರರ ಕೈಮಡಿಕೆಯಲ್ಲಿ ನೆಟ್ಟಗೆ ಕೂತಿದ್ದವು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಾನು ಬಹಳ ಹೊತ್ತು ಅಳುತ್ತ ನಿಂತೆ. ತಲೆ ಒರೆಸಲು ಇಷ್ಟು ಹೊತ್ತೇ ಎಂದು ಹೊರಗಿನಿಂದ ಅತ್ತೆ ಕರೆಯುತ್ತಲೇ ಇದ್ದರು.

ಆ ಬಟ್ಟೆ ಮತ್ತೆ ಗಂಟಾಗಲಿಲ್ಲ. ಸಿಮೆಂಟು ಕಲ್ಲಾಯಿತು, ಗೋಣಿ ವರ್ಷಗಳಲ್ಲಿ ಕೊಳೆತು ಕಳಚಿ ತನ್ನ ನೇಯ್ಗೆಯನ್ನು ಕಲ್ಲಿಗೆ ಬಿಟ್ಟುಹೋಯಿತು. ನಮ್ಮ ಸಣ್ಣ ಹಿತ್ತಲು ಗೋಡೆ ಹತ್ತಿ ಚಾವಣಿಯ ಮೇಲೂ ಇಣುಕಿತು. ಪ್ರತಿವರ್ಷ ಮಿರಗದ ಹೊತ್ತಿಗೆ ಹಳೆಯ ಎಳೆ ತೆಗೆದು ಹೊಸ ಎಳೆ, ಅಂದರೆ ಹೊಸ ಚರ್ಚೆ, ಹೊಸ ನಕ್ಷೆ. ಸೂಜಿಮಲ್ಲಿಗೆ ಮೊದಲ ಸಲ ಬಿಟ್ಟಾಗ ಅತ್ತೆ ಒಂದೊಂದೇ ಹೂವಿನ ಎಸಳು ಎಣಿಸಿ, ಒಂದಕ್ಕೊಂದು ತಾಳೆಯಾಗದ್ದನ್ನು ಕಂಡು, ತಮ್ಮ ಖಣದ ಹೂವೇ ಸರಿ, ಬಳ್ಳಿಯೇ ತಪ್ಪು ನೇಯ್ದಿದೆ ಎಂದು ತೀರ್ಪು ಕೊಟ್ಟರು. ಸಂಕ್ರಮಣದ ಮುಂದಿನ ವಾರ ನಮ್ಮ ಮನೆಯ ಮುಂಬಾಗಿಲಿನಿಂದ ಸೂರ್ಯ ನೆಟ್ಟಗೆ ದೇವರ ಜಗಲಿಯವರೆಗೆ ನಡೆದು ಬರುತ್ತಾನೆ. ಆ ಬೆಳಗು ಅತ್ತೆ ಹೊಸ್ತಿಲ ಪಕ್ಕ ಕೂತು ನನ್ನ ಕಡೆ ಒಂದು ಸಲ ನೋಡುತ್ತಾರೆ. ಇಪ್ಪತ್ತು ಡಿಗ್ರಿಯ ಮಾತನ್ನು ನಾನು ಮತ್ತೆ ಎತ್ತಿಲ್ಲ.

ಹೋದ ತಿಂಗಳು ಶಾಲೆಯ ಕೆಲಸವೊಂದಕ್ಕೆ ಗುಳೇದಗುಡ್ಡಕ್ಕೆ ಹೋದವಳು ಈರಣ್ಣನ ಮನೆ ಹೊಕ್ಕೆ. ಅತ್ತೆಯ ಮಗ್ಗದ ಮೇಲೆ ಅರ್ಧ ನೇಯ್ದ ಹಾಸು ಇತ್ತು, ಲಾಳಿ ನಡುವೆಯೇ ನಿಂತಿತ್ತು. ಈರಣ್ಣ ಎಲ್ಲಿ ಎಂದರೆ, ಅವನ ಹೆಂಡತಿ ನೀಲವ್ವ, ಮದುವೆಯೊಂದಕ್ಕೆ ಇಳಕಲ್ಲಿಗೆ ಹೋಗಿ ಮೂರು ದಿನವಾಯಿತು ಎಂದಳು. ನಾನು ಗಾಬರಿಯಾಗಿ, ಮಗ್ಗದ ಮೇಲೆ ಹಾಸು ಬಿಟ್ಟು ಊರು ಬಿಡಬಾರದಂತಲ್ಲ, ನಿಮ್ಮ ನೇಕಾರರ ಪದ್ಧತಿಯಂತಲ್ಲ ಎಂದೆ. ನೀಲವ್ವ ಮೊದಲು ನನ್ನನ್ನು ನೋಡಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡಳು.

“ಹಂಥಾ ಪದ್ಧತಿ ಹಿಡಕೊಂಡ ಕುಂತಿದ್ರ ನಮ್ಮ ಮಂದಿದು ಒಂದ ಮದಿವಿನೂ ಆಗ್ತಿದ್ದಿಲ್ಲ ಅಕ್ಕಾ. ನಿಮ್ಮ ಮನಿ ಪಾಯಾಕ ಅತ್ತಿಯವ್ರು ಬಂದಿದ್ರಲ್ಲ, ಅವತ್ತೂ ಈ ಮಗ್ಗದ ಮ್ಯಾಲೆ ಅರ್ಧ ಹಾಸು ಹಂಗ ಬಿಟ್ಟ ಹೋಗಿದ್ರು.”

ಬಾಗಲಕೋಟೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನೊಬ್ಬಳೇ ನಗುತ್ತಿದ್ದುದನ್ನು ಕಂಡು ಕಂಡಕ್ಟರು ಎರಡು ಸಲ ಟಿಕೀಟು ಕೇಳಿದ. ಗೂಟ ಕೀಳಿಸಿ ಕೀಳಿಸಿ ಅತ್ತೆಯನ್ನು ಮೋಸಗೊಳಿಸಿದೆನೆಂದು ಬೀಗಿದವಳು ನಾನು. ಸಿಮೆಂಟು ಮಳೆಗೊಡ್ಡಿ ಇಬ್ಬರನ್ನೂ ಮೋಸಗೊಳಿಸಿದೆನೆಂದು ಮೀಸೆಯಲ್ಲಿ ನಕ್ಕವರು ನಮ್ಮವರು. ಇಬ್ಬರಿಗೂ ಮೊದಲೇ, ಆ ಸೋಮವಾರದ ಸಂಜೆಯೇ, ಇಲ್ಲದ ಪದ್ಧತಿಯೊಂದನ್ನು ತಾವೇ ನೇಯ್ದು ಗೂಟಕ್ಕೆ ತೂಗುಹಾಕಿದವರು ಅತ್ತೆ. ಇರುತ್ತೇನೆ ಎನ್ನಲು ಅವರಿಗೂ, ಇರಿ ಎನ್ನಲು ನಮಗೂ ಬಾಯಿ ಬಾರದೆ, ಮೂವರೂ ಸೇರಿ ಒಂಬತ್ತಡಿಯ ಹಿತ್ತಲನ್ನು ಇಷ್ಟು ವರ್ಷ ಮುಗಿಯಗೊಡದೆ ಕಾಪಾಡಿಕೊಂಡು ಬಂದಿದ್ದೆವು.

ಮನೆಗೆ ಬಂದಾಗ ಅತ್ತೆ ಹಿತ್ತಲಿನಲ್ಲಿ, ಒಂದು ಕಲ್ಲಿನ ಮೇಲೆ ಮೊಣಕಾಲು ಚಾಚಿ ಕೂತು ಹೀರೆಯ ಕುಡಿಗೆ ಎಳೆ ಕಟ್ಟುತ್ತಿದ್ದರು. ಚಹಾ ಮುಚ್ಚಿಟ್ಟಿದ್ದೇನೆ ಎಂದರು. ನಾನು ಪಕ್ಕದ ಕಲ್ಲಿನ ಮೇಲೆ ಕೂತೆ. ಅಂಗೈ ಕೆಳಗೆ ಗೋಣಿಯ ಹಾಸೂ ಹೊಕ್ಕೂ ಬೆಚ್ಚಗಿದ್ದವು. ನೀಲವ್ವನ ಮಾತನ್ನು ಎತ್ತಿ ಅವರನ್ನು ಗೋಳು ಹೊಯ್ದುಕೊಳ್ಳಬೇಕೆಂದೇ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದೆ. ಆದರೆ ಬಾಯಿಂದ ಬಂದದ್ದು ಬೇರೆ.

“ಅತ್ತೀ, ಈ ಹಾಸು ಎಂದ ಮುಗೀತೈತ್ರಿ?”

ಅವರು ಕೈ ನಿಲ್ಲಿಸಿ, ಕಾಂಪೌಂಡೂ ಮನೆಯೂ ಕೂಡುವ ಕೋಳಿಯ ಮೂಲೆಯನ್ನು ನೋಡಿದರು. ಅಲ್ಲಿ ಇವತ್ತಿಗೂ ಏನೂ ಬೆಳೆದಿಲ್ಲ.

“ಆ ಮೂಲಿ ಒಂದ ಉಳದೈತಲ್ಲ ಯವ್ವಾ. ಅಲ್ಲಿ ಏನ ಹಾಕೂಣಂತ ನೀನ ಇನ್ನೂ ಹೇಳವಲ್ಲಿ.”

ನಾನು ಒಳಗೆ ಹೋಗಿ ಮಾಡಿನಿಂದ ಹೊಸದೊಂದು ಗ್ರಾಫ್ ಹಾಳೆ ತಂದು ಇಬ್ಬರ ನಡುವೆ ಹರಡಿದೆ. ಪೆನ್ಸಿಲನ್ನು ಮಾತ್ರ ಬೇಕೆಂದೇ ಅಲ್ಲಿ ಬಿಟ್ಟು ಬಂದೆ.